ಕಾನೂನಿನ ನೆರವು ಯಾವಾಗ ಬೇಕು?

(ಅತ್ತಿವೇರಿಯ ಒಬ್ಬ ವಿದ್ಯಾರ್ಥಿ, ಅಂತಿಮ ಬಿ.ಎ.)

ನಮ್ಮ ನಾಡಿನಲ್ಲಿ ಒಂದು ಹಳೆಯ ಗಾದೆಯುಂಟು: ಕೋರ್ಟಿಗೆ ಹೋಗಿ ಗೆದ್ದವನು ಸೋತ, ಸೋತವನು ಸತ್ತ. ನ್ಯಾಯಸ್ಥಾನಗಳ ವಿಷಯದಲ್ಲಿ ಜನಸಾಮಾನ್ಯರಿಗಿರುವ ಭಯವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ. ಸಂವಿಧಾನದ 14ನೆಯ ವಿಧಿಯಾದರೋ ಕಾನೂನಿನ ಮುಂದೆ ಎಲ್ಲರೂ ಸಮಾನರೆಂದು ಸಾರುತ್ತದೆ. ರಾಜ್ಯಶಾಸ್ತ್ರದ ತರಗತಿಯಲ್ಲಿ ನಾವು ಈ ವಿಧಿಯನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಅಂಕಗಳನ್ನೂ ಪಡೆಯುತ್ತೇವೆ. ರಜೆಯಲ್ಲಿ ಊರಿಗೆ ಹೋದಾಗ ಕಿವಿಗೆ ಬೀಳುವುದು ಮಾತ್ರ ಆ ಗಾದೆಯೇ. ವಿಧಿಗೂ ಗಾದೆಗೂ ನಡುವೆ ಇರುವ ಅಂತರವನ್ನು ತುಂಬುವುದಕ್ಕೆಂದೇ ಬಡವರಿಗೆ ಉಚಿತ ಕಾನೂನು ನೆರವಿನ ಏರ್ಪಾಡು ನಮ್ಮ ದೇಶದಲ್ಲಿದೆ. ಇದ್ದೂ ಅದು ನಮ್ಮಂತಹ ಹಳ್ಳಿಗಳಿಗೆ ಏಕೆ ತಲುಪುತ್ತಿಲ್ಲ, ತಲುಪಬೇಕಾದರೆ ಏನು ಮಾಡಬೇಕು ಎಂಬುದನ್ನು ನನ್ನ ಅಲ್ಪಮತಿಗೆ ತೋರಿದ ಮಟ್ಟಿಗೆ ಇಲ್ಲಿ ಹೇಳಬಯಸುತ್ತೇನೆ.

ನನ್ನ ಊರು ಮುಂಡಗೋಡ ತಾಲ್ಲೂಕಿನ ಅತ್ತಿವೇರಿ. ಹೊರಗಿನವರು ಇದನ್ನು ಬಲ್ಲುದು ಪಕ್ಷಿಧಾಮದಿಂದ. ಜಲಾಶಯಕ್ಕೆ ಬಂದಿಳಿಯುವ ಹಕ್ಕಿಗಳನ್ನು ನೋಡಲು ಹುಬ್ಬಳ್ಳಿಯ ಕಡೆಯಿಂದ ಜನ ಬರುತ್ತಾರೆ. ಸಂಜೆಯವರೆಗೆ ಇದ್ದು ಹೋಗುತ್ತಾರೆ. ನಮಗೆ ಊರೆಂದರೆ ನೀರಿನ ಆಚೆಗಿನ ಕಾಡು ಮತ್ತು ಆ ಕಾಡಂಚಿನ ಗದ್ದೆಗಳು. ಉತ್ತರ ಕನ್ನಡ ಜಿಲ್ಲೆಯ ಬಹುಭಾಗ ಅರಣ್ಯವೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಜ್ಜ ಮುತ್ತಜ್ಜಂದಿರ ಕಾಲದಿಂದ ಉಳುತ್ತ ಬಂದ ಎಷ್ಟೋ ತುಂಡು ನೆಲಗಳು ಸರಕಾರದ ದಾಖಲೆಯಲ್ಲಿ ಇಂದಿಗೂ ಅರಣ್ಯವೆಂದೇ ಇವೆ. ಮನೆಯಲ್ಲಿ ನಾವು ‘ಹೊಲ’ ಎನ್ನುವುದನ್ನು ಕಚೇರಿಯಲ್ಲಿ ‘ಅತಿಕ್ರಮಣ’ ಎನ್ನುತ್ತಾರೆ. ನಮ್ಮ ಮನೆತನದ್ದೂ ಅಂತಹ ಎರಡು ಎಕರೆ ಚಿಲ್ಲರೆ ನೆಲ.

ಇಂತಹವರ ಸಲುವಾಗಿ 2006ರಲ್ಲಿ ಸಂಸತ್ತು ಅರಣ್ಯ ಹಕ್ಕು ಕಾಯಿದೆಯನ್ನು ಮಾಡಿತು. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಆ ನೆಲದಲ್ಲಿದ್ದುದನ್ನು ತೋರಿಸಬೇಕು. ನಮ್ಮ ಜಿಲ್ಲೆಯ ಸಿದ್ದಿ ಜನ 2003ರಲ್ಲಿ ಈ ಪಟ್ಟಿಗೆ ಸೇರಿದುದರಿಂದ ಅವರಿಗೆ ಅಷ್ಟರಮಟ್ಟಿಗೆ ಅನುಕೂಲವಾಯಿತು. ಪಟ್ಟಿಯಲ್ಲಿಲ್ಲದ ಗೌಳಿಗಳು, ಜೋಯಿಡಾದ ಕುಣಬಿಗಳು, ನಮ್ಮಂತಹ ಇತರರು ‘ಇತರ ಪಾರಂಪರಿಕ ಅರಣ್ಯವಾಸಿ’ಗಳು. ಇವರು ಮೂರು ತಲೆಮಾರು, ಎಂದರೆ 75 ವರ್ಷಗಳಿಂದ ಅರಣ್ಯದಲ್ಲಿ ಇದ್ದು ಅದನ್ನೇ ನೆಚ್ಚಿಕೊಂಡು ಬಾಳಿದುದನ್ನು ತೋರಿಸಿಕೊಡಬೇಕು. ಅರ್ಜಿಯು ಗ್ರಾಮಸಭೆಯಿಂದ ಉಪವಿಭಾಗ ಮಟ್ಟದ ಸಮಿತಿಗೆ, ಅಲ್ಲಿಂದ ಜಿಲ್ಲಾ ಮಟ್ಟದ ಸಮಿತಿಗೆ ಹೋಗುತ್ತದೆ. ಕೆಳಗಿನ ನಿರ್ಣಯ ಒಪ್ಪಿಗೆಯಾಗದಿದ್ದರೆ 60 ದಿನಗಳೊಳಗೆ ಮೇಲಿನ ಸಮಿತಿಗೆ ಮನವಿ ಮಾಡಿಕೊಳ್ಳಬಹುದು. ಸಮಿತಿ ಮನಸ್ಸು ಮಾಡಿದರೆ ಇನ್ನು 30 ದಿನ ಕೊಡಬಹುದು. ಇದೆಲ್ಲ ನನಗೆ ಇಂದು ಗೊತ್ತು. ಗೊತ್ತಿರಬೇಕಾಗಿದ್ದ ದಿನ ಗೊತ್ತಿರಲಿಲ್ಲ.

ನಾನು ಪಿ.ಯು.ಸಿ. ಮೊದಲ ವರ್ಷದಲ್ಲಿದ್ದಾಗ ನಮ್ಮ ಮನೆಗೆ ಒಂದು ಹಿಂಬರಹ ಬಂತು. ಯಾವ ಕಚೇರಿಯದೆಂಬುದು ಇಲ್ಲಿ ಬೇಡ. ತಪ್ಪನ್ನು ಅವರ ಮೇಲೆ ಹೊರಿಸಲು ನಾನು ಬರೆಯುತ್ತಿಲ್ಲ. ನಮ್ಮ ಮನೆಯಲ್ಲಿ ಹತ್ತನೆಯ ತರಗತಿಯನ್ನು ದಾಟಿದವನು ನಾನೊಬ್ಬನೇ. ಅಪ್ಪ ಕಾಗದವನ್ನು ನನ್ನ ಕೈಗಿತ್ತು, “ಏನ್ ಬರದಾರೋ, ಓದಿ ಹೇಳು” ಎಂದ. ಒಂದೂವರೆ ಪುಟದ ಕಾಗದ. ಕಲಮುಗಳು, ನಿಯಮಗಳು, ಅವುಗಳ ಸಂಖ್ಯೆಗಳು. ಕೊನೆಯಲ್ಲಿ ‘ಸದರಿ ಅರ್ಜಿಯನ್ನು ಪರಿಶೀಲಿಸಿ ವಿಲೇಗೊಳಿಸಲಾಗಿದೆ’ ಎಂದಿತ್ತು. ಅಕ್ಷರಗಳೆಲ್ಲ ಕನ್ನಡದವೇ, ಒಂದನ್ನೂ ತಡವರಿಸದೆ ಓದಿದೆ. “ಅರ್ಜಿ ವಿಲೇ ಆಗೇತಂತಪಾ, ಕೆಲಸ ಮುಗದಂಗ” ಎಂದು ಹೇಳಿದೆ. ಅವ್ವ ಆ ಸಂಜೆಯೇ ದೇವರಿಗೆ ಕಾಯಿ ಒಡೆಸಿದಳು. ಅಪ್ಪ ಕಾಗದವನ್ನು ಮಡಚಿ ದೇವರ ಪಟದ ಹಿಂದೆ ಇಟ್ಟ. ಇನ್ನು ಹಕ್ಕುಪತ್ರ ಬರುವುದೊಂದೇ ಬಾಕಿ ಎಂದು ಐದು ತಿಂಗಳು ಕಾದೆವು.

ಆಮೇಲೆ, ಅಂತಹುದೇ ಕಾಗದ ಬಂದಿದ್ದ ಇನ್ನೊಬ್ಬರು ಮುಂಡಗೋಡಕ್ಕೆ ಹೋಗಿ ಬಂದು ಹೇಳಿದ ಮಾತಿನಿಂದ ಅಪ್ಪನಿಗೆ ಅನುಮಾನ ಹುಟ್ಟಿತು. ವಕೀಲರಿಗೆ ಕೊಡಲು ಹಣ ಹೊಂದಿಸುವುದರಲ್ಲಿ ಮತ್ತೆ ಮೂರು ವಾರ ಕಳೆದವು. ವಕೀಲರು ಕಾಗದವನ್ನು ಓದಲು ಐದು ನಿಮಿಷ ಸಹ ತೆಗೆದುಕೊಳ್ಳಲಿಲ್ಲ. ಪುರಾವೆ ಸಾಲದೆಂದು ಅರ್ಜಿಯನ್ನು ತೆಗೆದುಹಾಕಿದ್ದಾರೆ, ಮೇಲ್ಮನವಿಯ ಅವಧಿ ಮುಗಿದುಹೋಗಿದೆ ಎಂದರು. ಬಸ್ಸಿನಲ್ಲಿ ಹಿಂದಿರುಗುವಾಗ ಅಪ್ಪ ಬಹಳ ಹೊತ್ತು ಸುಮ್ಮನಿದ್ದು, ಸಿಟ್ಟಿಲ್ಲದೆಯೇ ಒಂದು ಮಾತು ಆಡಿದ: “ಸಾಲಿ ಕಲ್ತಾಂವ ನೀನು. ನಿನಗೇ ತಿಳೀಲಿಲ್ಲ ಅಂದಮ್ಯಾಲೆ ನಮಗೇನು ತಿಳಿತೈತಿ?” ಬೈದಿದ್ದರೆ ನಾನು ಇಷ್ಟು ದಿನ ನೆನಪಿಡುತ್ತಿರಲಿಲ್ಲವೇನೋ.

ವಾಚಕರು ಇದನ್ನು ಒಬ್ಬನ ಮನೆಯ ಕಥೆಯೆಂದು ತಿಳಿಯಬಾರದು. ಇದರಲ್ಲಿ ಕಾನೂನು ನೆರವಿನ ಇಡೀ ಪ್ರಶ್ನೆ ಅಡಕವಾಗಿದೆ ಎಂಬುದು ನನ್ನ ನಂಬಿಕೆ. ಹೇಗೆಂದರೆ, ಪುರಾವೆ ಇಲ್ಲವೆಂದು ಬಿದ್ದುಹೋದ ಆ ಅರ್ಜಿಗೆ ಪುರಾವೆ ಇತ್ತು. ಕಾಯಿದೆಯ ನಿಯಮಗಳಲ್ಲಿ ಪುರಾವೆಯೆಂದರೆ ಕಚೇರಿಯ ಕಾಗದವೊಂದೇ ಎಂದು ಹೇಳಿಲ್ಲ. ಮನೆ, ಗುಡಿಸಲು, ಬಾವಿ, ಬದು, ಸಮಾಧಿ, ದೇವರ ಸ್ಥಳ, ಇವೂ ಪುರಾವೆಗಳೇ. ಊರಿನ ಹಿರಿಯರು ಹೇಳಿದುದನ್ನು ಬರೆದುಕೊಂಡರೆ ಅದೂ ಪುರಾವೆಯೇ. ಇಂತಹುದೇ ಒಂದು ದಾಖಲೆ ಬೇಕೆಂದು ಸಮಿತಿಗಳು ಹಟ ಹಿಡಿಯಕೂಡದೆಂದು 2012ರಲ್ಲಿ ನಿಯಮಗಳಿಗೆ ಸ್ಪಷ್ಟವಾಗಿ ಸೇರಿಸಲಾಗಿದೆ. ನಾವಾದರೋ ಹೆಬ್ಬೆಟ್ಟು ಒತ್ತುತ್ತಿದ್ದ ಅಜ್ಜನ ಪೆಟ್ಟಿಗೆಯಲ್ಲಿ ಎಂದೂ ಇರದಿದ್ದ ಕಾಗದಗಳನ್ನು ಹುಡುಕುತ್ತಿದ್ದೆವು. ಅವನು ತೋಡಿದ ಬಾವಿಯಿಂದ ದಿನವೂ ನೀರು ಸೇದುತ್ತಿದ್ದೆವು. ಆ ಬಾವಿಯೇ ಪುರಾವೆಯೆಂದು ಹೇಳುವವರು ಒಬ್ಬರೂ ಇರಲಿಲ್ಲ.

ಇನ್ನು ಉಚಿತ ಕಾನೂನು ನೆರವಿನ ವಿಷಯ. ಈ ವಿಚಾರ ನಮ್ಮ ಭಾಗಕ್ಕೆ ಹೊಸದಲ್ಲ. 1949ರಲ್ಲಿ ಮುಂಬಯಿ ಸರಕಾರವು ನ್ಯಾಯಮೂರ್ತಿ ಎನ್.ಎಚ್. ಭಗವತಿಯವರ ಅಧ್ಯಕ್ಷತೆಯಲ್ಲಿ ಇದಕ್ಕಾಗಿ ಒಂದು ಸಮಿತಿಯನ್ನು ನೇಮಿಸಿದಾಗ ನಮ್ಮ ಜಿಲ್ಲೆ ಆ ಪ್ರಾಂತಕ್ಕೇ ಸೇರಿತ್ತು. 1958ರಲ್ಲಿ ಕಾನೂನು ಆಯೋಗದ 14ನೆಯ ವರದಿ ಮತ್ತೆ ಇದೇ ಮಾತನ್ನೆತ್ತಿತು. 1973ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಸಮಿತಿ ವರದಿ ಕೊಟ್ಟಿತು. 1976ರಲ್ಲಿ 42ನೆಯ ತಿದ್ದುಪಡಿಯಿಂದ 39-ಎ ವಿಧಿ ಸಂವಿಧಾನಕ್ಕೆ ಬಂದು, ಹಣವಿಲ್ಲದ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದೆಂದು ರಾಜ್ಯದ ಮೇಲೆ ಹೊಣೆ ಹೊರಿಸಿತು. 1979ರಲ್ಲಿ ಬಿಹಾರದ ಸೆರೆಮನೆಗಳಲ್ಲಿ ವಿಚಾರಣೆಯೇ ಇಲ್ಲದೆ ವರ್ಷಗಟ್ಟಲೆ ಕೊಳೆಯುತ್ತಿದ್ದವರ ಮೊಕದ್ದಮೆಯಲ್ಲಿ, ಹುಸೇನಾರಾ ಖಾತೂನ್ ಮೊಕದ್ದಮೆಯೆಂದು ಪ್ರಸಿದ್ಧವಾದುದರಲ್ಲಿ, ಬಡ ಆರೋಪಿಗೆ ವಕೀಲನನ್ನು ಒದಗಿಸುವುದು ಅವನ ಜೀವದ ಹಕ್ಕಿನಲ್ಲಿ ಸೇರಿದೆ ಎಂದು ಸುಪ್ರೀಂ ಕೋರ್ಟು ಹೇಳಿತು. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆ ಆದದ್ದು 1987ರಲ್ಲಿ. ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಮುಂಬಯಿಯ ಸಮಿತಿಯಿಂದ ಎಣಿಸಿದರೆ 46 ವರ್ಷ!

ತಡವಾಗಿ ಬಂದರೂ ಕಾಯಿದೆ ಉದಾರವಾದುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ನೆರೆ ಭೂಕಂಪಗಳಿಗೆ ಸಿಕ್ಕಿದವರು, ಇವರಿಗೆಲ್ಲ ವರಮಾನವನ್ನು ನೋಡದೆ ನೆರವು ಕೊಡಬೇಕು. ದಾಂಡೇಲಿಯ ಕಾಗದದ ಕಾರ್ಖಾನೆಯ ಕಾರ್ಮಿಕನೂ ಯಲ್ಲಾಪುರದ ಸಿದ್ದಿ ಹೆಂಗಸೂ ಇದಕ್ಕೆ ಹಕ್ಕುದಾರರು. ಉಳಿದವರಿಗೆ ಸರಕಾರ ಗೊತ್ತುಮಾಡಿದ ವರಮಾನದ ಮಿತಿಯುಂಟು. ಅದಕ್ಕೆ ಪ್ರಮಾಣಪತ್ರ ಬರೆದುಕೊಟ್ಟರೂ ಸಾಕೆನ್ನಬಹುದು. ಇನ್ನೂ ಮುಖ್ಯವಾದುದು, ‘ಕಾನೂನು ಸೇವೆ’ ಎಂಬ ಮಾತಿಗೆ ಕಾಯಿದೆ ಕೊಟ್ಟಿರುವ ಅರ್ಥ. ನ್ಯಾಯಾಲಯದಲ್ಲಿ ಮೊಕದ್ದಮೆ ನಡೆಸುವುದಷ್ಟೇ ಅಲ್ಲದೆ, ಇತರ ಪ್ರಾಧಿಕಾರಗಳ ಮುಂದೆ ನಡೆಯುವ ವ್ಯವಹಾರವೂ, ಕಾನೂನಿನ ಯಾವುದೇ ವಿಷಯದಲ್ಲಿ ಸಲಹೆ ಕೊಡುವುದೂ ಅದರಲ್ಲಿ ಸೇರಿವೆ. ಆದುದರಿಂದ ನಮ್ಮ ಹಿಂಬರಹವನ್ನು ಓದಿ ಹೇಳುವುದು ಸಹ ಕಾನೂನು ಸೇವೆಯೇ. ಅದಕ್ಕಾಗಿಯೇ ಏರ್ಪಟ್ಟ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಮುಂಡಗೋಡದಲ್ಲಿಯೇ ಇತ್ತು. ಅಪ್ಪ ವಕೀಲರ ಹಣ ಹೊಂದಿಸುತ್ತಿದ್ದಾಗ ಹಣವಿಲ್ಲದೆ ಕೇಳಬಹುದಾದ ಒಂದು ಬಾಗಿಲು ಅದೇ ಊರಿನಲ್ಲಿತ್ತು. ಅವನಿಗೆ ಗೊತ್ತಿರಲಿಲ್ಲ. ನಾಚಿಕೆಯಿಂದ ಹೇಳುತ್ತೇನೆ, 39-ಎ ವಿಧಿಯನ್ನು ಮುಂದೆ ಪರೀಕ್ಷೆಯಲ್ಲಿ ಬರೆದ ನನಗೂ ಗೊತ್ತಿರಲಿಲ್ಲ.

ಗೊತ್ತಿದ್ದರೂ ಅಪ್ಪ ಹೋಗುತ್ತಿದ್ದನೇ ಎಂಬುದು ಬೇರೆ ಮಾತು. ಆ ಸಮಿತಿಯ ಕಚೇರಿ ನ್ಯಾಯಾಲಯದ ಆವರಣದಲ್ಲಿ. ನಮ್ಮವರು ಅಲ್ಲಿಗೆ ಕಾಲಿಡುವುದು ಸಾಕ್ಷಿಗೋ ಜಾಮೀನಿಗೋ ಮಾತ್ರ. “ನಮ್ದು ಏನೂ ಕೇಸಿಲ್ಲಲ್ಲ, ಅಲ್ಲಿ ಯಾಕ ಹೋಗೂದು?” ಎಂದು ಕೇಳುತ್ತಾರೆ. ಅವರ ಮಾತು ನಿಜ. ಅವರ ಬಳಿ ಕೇಸಿಲ್ಲ, ಒಂದು ಕಾಗದವಿದೆ. ಆ ಕಾಗದ ಕೇಸಾಗುವ ಹೊತ್ತಿಗೆ ಅವರು ಸೋತಾಗಿರುತ್ತದೆ. ನಮ್ಮ ನೆರವಿನ ಏರ್ಪಾಡು ಕೇಸಿಗಾಗಿ ಕಾಯುತ್ತ ಕುಳಿತಿದೆ. ಬಡವನಿಗೆ ನೆರವು ಬೇಕಾದದ್ದು ಕಾಗದ ಕೈಗೆ ಬಂದ ದಿನ. ನಾನು ಹೇಳಬೇಕೆಂದಿರುವ ಮಾತು ಇದೊಂದೇ.

ಹಿಂದಿನ ಒಂದು ಉದಾಹರಣೆಯನ್ನು ನೋಡಬಹುದು. 1974ರ ಭೂಸುಧಾರಣೆಯಿಂದ ನಮ್ಮ ರಾಜ್ಯದ ಗೇಣಿದಾರರು ಒಡೆಯರಾದರು. ದೇವರಾಜ ಅರಸು ಅವರ ಹೆಸರು ಇಂದಿಗೂ ನಮ್ಮ ಜಿಲ್ಲೆಯ ಮುದುಕರ ಬಾಯಲ್ಲಿರುವುದು ಇದರಿಂದಲೇ. ಅದಕ್ಕೆ ಗೇಣಿದಾರನು 7ನೆಯ ನಮೂನೆಯ ಅರ್ಜಿಯನ್ನು ತುಂಬಬೇಕಿತ್ತು. ಅವಧಿಯನ್ನು ಮುಂದೂಡುತ್ತ ಹೋಗಿ ಕೊನೆಗೆ 1979ರ ಜೂನ್ 30ಕ್ಕೆ ನಿಲ್ಲಿಸಿದರು. ಉತ್ತ ನೆಲ ಒಂದೇ ತರಹದ್ದಾದರೂ ಆ ದಿನದೊಳಗೆ ಅರ್ಜಿ ಹಾಕಿದವನು ಒಡೆಯನಾದ, ಹಾಕದವನು ಆಗಲಿಲ್ಲ. ಆ ಭೂನ್ಯಾಯ ಮಂಡಲಿಗಳ ಮುಂದೆ ವಕೀಲರು ಬರಕೂಡದೆಂದು ಕಾಯಿದೆಯ 48ನೆಯ ಕಲಮಿನಲ್ಲಿಯೇ ಬರೆದಿತ್ತು. ವಕೀಲನನ್ನು ಇಡಬಲ್ಲವನು ಜಮೀನುದಾರನೇ, ಆದುದರಿಂದ ವಕೀಲನೇ ಬೇಡ ಎಂಬುದು ಅದರ ಹಿಂದಿನ ಎಣಿಕೆ ಇದ್ದಿರಬೇಕು. ವಕೀಲರ ಕಾಯಿದೆಗೆ ಇದು ಹೊಂದದೆಂದು 1987ರಲ್ಲಿ ಸುಪ್ರೀಂ ಕೋರ್ಟು ಆ ನಿಷೇಧವನ್ನು ತೆಗೆದುಹಾಕಿತು. ಇದರಿಂದ ತಿಳಿಯಬೇಕಾದುದು ಎರಡು. ಒಂದು, ಬಡವನ ಗತಿ ನಿರ್ಧಾರವಾಗುವುದು ಅರ್ಜಿ ಮತ್ತು ತಾರೀಖಿನಲ್ಲಿ. ಎರಡು, ಸಿರಿವಂತನ ವಕೀಲನನ್ನು ಹೊರಗಿಟ್ಟ ಮಾತ್ರಕ್ಕೆ ಬಡವನಿಗೆ ಓದಿ ಹೇಳುವವನು ಸಿಕ್ಕಿದಂತಾಗುವುದಿಲ್ಲ.

ಈಗ ನಡೆಯುತ್ತಿರುವ ಒಳ್ಳೆಯ ಕೆಲಸಗಳನ್ನು ನಾನು ಅಲ್ಲಗಳೆಯುವುದಿಲ್ಲ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟು ಶುಲ್ಕ ಹಿಂದಕ್ಕೆ ಬರುತ್ತದೆ. ಅದರ ತೀರ್ಮಾನ ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ. ಮೇಲೆ ಅಪೀಲಿಲ್ಲವಾದ್ದರಿಂದ ಜಗಳ ಅಲ್ಲಿಗೇ ಮುಗಿಯುತ್ತದೆ. 2008ರಲ್ಲಿ ಧಾರವಾಡದಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠವಾಗಿ, 2013ರಲ್ಲಿ ಅದು ಕಾಯಂ ಆಯಿತು. ಬೆಂಗಳೂರಿನ ದಾರಿ ತಪ್ಪಿತು. 2022ರ ಯೋಜನೆಯಂತೆ ಅಪರಾಧ ಮೊಕದ್ದಮೆಗಳ ಬಡ ಆರೋಪಿಗಳಿಗಾಗಿ ಇಡೀ ಹೊತ್ತು ಅದೇ ಕೆಲಸ ಮಾಡುವ ವಕೀಲರನ್ನು ಜಿಲ್ಲೆಗಳಲ್ಲಿ ನೇಮಿಸುತ್ತಿದ್ದಾರೆ. ಆದರೆ ಇವೆಲ್ಲವೂ ಕೇಸು ಉಳ್ಳವರಿಗೆ. ಅರಿವು ಶಿಬಿರಗಳೂ ಆಗುತ್ತವೆ. ಅಂತಹದೊಂದರಲ್ಲಿ ನಾನೂ ಕುಳಿತಿದ್ದೆ. ಅತಿಥಿಗಳು ಬಹಳ ಚೆನ್ನಾಗಿ ಮಾತನಾಡಿದರು. ನನ್ನ ಪಕ್ಕದ ಮುದುಕ ಅಂಗಿಯ ಜೇಬಿನಲ್ಲಿ ಒಂದು ಕಾಗದ ಇಟ್ಟುಕೊಂಡು ಬಂದಿದ್ದ. ವಂದನಾರ್ಪಣೆ ಮುಗಿದು ಚಹಾ ಕುಡಿದು ಎಲ್ಲರೂ ಎದ್ದಾಗ ಅದು ಇನ್ನೂ ಅವನ ಜೇಬಿನಲ್ಲಿಯೇ ಇತ್ತು.

ಹಾಗಾದರೆ ಏನು ಮಾಡಬೇಕು? ನನಗೆ ತೋರಿದ ನಾಲ್ಕು ಸೂಚನೆಗಳಿವು.

ಮೊದಲನೆಯದಕ್ಕೆ ಹೆಚ್ಚು ಖರ್ಚೇ ಇಲ್ಲ. ಯಾವುದೇ ಕಚೇರಿಯಿಂದ ಅರ್ಜಿಯನ್ನು ತಳ್ಳಿಹಾಕಿದ ಹಿಂಬರಹ ಹೊರಟರೆ ಅದರ ತಲೆಯ ಮೇಲೆಯೇ ಮೂರು ಸಾಲು ದಪ್ಪ ಅಕ್ಷರಗಳಲ್ಲಿ ಇರಬೇಕು: ನಿಮ್ಮ ಅರ್ಜಿಯನ್ನು ಒಪ್ಪಿಲ್ಲ, ಇಂತಹ ತಾರೀಖಿನೊಳಗೆ ಇಂತಹ ಕಡೆ ಮನವಿ ಮಾಡಿಕೊಳ್ಳಬಹುದು, ಉಚಿತ ಸಲಹೆಗೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಿರಿ ಅಥವಾ 15100ಕ್ಕೆ ದೂರವಾಣಿ ಮಾಡಿರಿ. ರಾಜ್ಯಭಾಷಾ ಕಾಯಿದೆ ಆದದ್ದು 1963ರಲ್ಲಿ. ಅಂದಿನಿಂದ ಕಚೇರಿಗಳಿಗೆ ಕನ್ನಡ ಬಂದಿದೆ. ಅದು ನಮ್ಮ ಅಪ್ಪ ಅವ್ವಂದಿರ ಕನ್ನಡವಾಗುವುದು ಬಾಕಿ ಇದೆ. ‘ವಿಲೇಗೊಳಿಸಲಾಗಿದೆ’ ಎಂಬ ಪದದ ಜಾಗದಲ್ಲಿ ‘ಒಪ್ಪಿಲ್ಲ’ ಎಂದಿದ್ದರೆ ಹತ್ತು ವರ್ಷದ ಹುಡುಗನೂ ನಮ್ಮ ಮನೆಯಲ್ಲಿ ಸರಿಯಾಗಿ ಓದಿ ಹೇಳುತ್ತಿದ್ದ.

ಎರಡನೆಯದು, ನೆರವು ಪಂಚಾಯತಿಗೆ ಬರಬೇಕು. ಹಳ್ಳಿಗಳಲ್ಲಿ, ಇಲ್ಲವೆ ಹಳ್ಳಿಗಳ ಗುಂಪಿಗೊಂದರಂತೆ, ಕಾನೂನು ಸೇವಾ ಕೇಂದ್ರಗಳನ್ನು ತೆರೆಯಬೇಕೆಂದು 2011ರ ವಿನಿಯಮಗಳಲ್ಲಿಯೇ ಇದೆ. ಅವುಗಳಲ್ಲಿ ಕೂಡ್ರಲು ತರಬೇತಿ ಪಡೆದ ಅರೆ ಕಾನೂನು ಸ್ವಯಂಸೇವಕರ ಯೋಜನೆ 2009ರಿಂದ ಇದೆ. ಬೇಕಾದುದು, ವಾರದಲ್ಲಿ ಗೊತ್ತಾದ ಒಂದು ದಿನ ಆ ಮನುಷ್ಯ ತಪ್ಪದೆ ಅಲ್ಲಿ ಸಿಕ್ಕುವುದು. ತಾಲ್ಲೂಕಿನ ಊರಿನಲ್ಲಿ ಈ ದಿನ ಸಂತೆಯ ದಿನವೇ ಆಗಲಿ. ಉಪ್ಪು ಮೆಣಸಿನಕಾಯಿಗೆ ಹೇಗೂ ಜನ ಬಂದಿರುತ್ತಾರೆ. ಬಂದ ಕಾಗದವನ್ನೂ ಅದರ ಕೊನೆಯ ತಾರೀಖನ್ನೂ ಒಂದು ವಹಿಯಲ್ಲಿ ಬರೆದುಕೊಂಡು ತಾಲ್ಲೂಕು ಸಮಿತಿಗೆ ಮುಟ್ಟಿಸುವುದು ಅವನ ಕೆಲಸ.

ಮೂರನೆಯದು, ಅಪರಾಧ ಮೊಕದ್ದಮೆಗಳಿಗೆ ಈಗ ನೇಮಿಸುತ್ತಿರುವಂತಹ ಪೂರ್ಣಾವಧಿ ವಕೀಲರನ್ನು ನಮ್ಮಂತಹ ಜಿಲ್ಲೆಗಳಲ್ಲಿ ಭೂಮಿ, ಕಂದಾಯ, ಅರಣ್ಯಗಳ ವಿಷಯಕ್ಕೂ ನೇಮಿಸಬೇಕು. ನಮ್ಮ ಜಿಲ್ಲೆಯ ಮುಖ್ಯ ಸ್ಥಳವಾದ ಕಾರವಾರ ಘಟ್ಟದ ಕೆಳಗೆ, ಮುಂಡಗೋಡದಿಂದ ನೂರು ಕಿಲೋಮೀಟರಿಗೂ ದೂರ. ಒಂದು ದಿನದ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಕಳೆದುಕೊಂಡು ಹೋದವನಿಗೆ ಅಲ್ಲಿ ತನ್ನ ಪರವಾಗಿ ಮಾತನಾಡುವ ಒಬ್ಬರು ಇರಲೇಬೇಕು. 2019ರ ಫೆಬ್ರವರಿ 13ರಂದು, ಅರ್ಜಿ ತಿರಸ್ಕೃತವಾದವರನ್ನು ಅರಣ್ಯದಿಂದ ತೆರವುಗೊಳಿಸಬೇಕೆಂದು ಸುಪ್ರೀಂ ಕೋರ್ಟು ಆಜ್ಞೆ ಮಾಡಿ, 28ರಂದು ತಾನೇ ಅದನ್ನು ತಡೆಹಿಡಿಯಿತು. ಆ ಹದಿನೈದು ದಿನ ನಮ್ಮ ಕಾಡಂಚಿನ ಮನೆಗಳಲ್ಲಿ ಜನ ಹೇಗಿದ್ದರೆಂಬುದನ್ನು ನಾನು ಬಲ್ಲೆ. ಒಂದು ತಿರಸ್ಕಾರದ ಕಾಗದಕ್ಕೆ ಅಷ್ಟು ತೂಕವಿರುವಾಗ ಅದಕ್ಕೆ ಉತ್ತರ ಬರೆಯುವವನಿಗೂ ಏರ್ಪಾಡು ಇರಬೇಡವೆ?

ಇಷ್ಟಕ್ಕೆಲ್ಲ ಹಣವೆಲ್ಲಿದೆ, ವಕೀಲರೆಲ್ಲಿದ್ದಾರೆ ಎಂದು ಕೆಲವರು ಕೇಳಬಹುದು. ಪುಕ್ಕಟೆ ಸಿಕ್ಕಿದರೆ ಜನ ಸುಮ್ಮನೆ ಜಗಳ ಹೂಡುತ್ತಾರೆ ಎನ್ನುವವರೂ ಇದ್ದಾರೆ. ಮೊದಲನೆಯದಕ್ಕೆ ಉತ್ತರ, ಐದು ನಿಮಿಷದ ಓದಿನಿಂದ ತಪ್ಪಬಹುದಾದ ಕೆಲಸ ವರ್ಷಗಟ್ಟಲೆಯ ಮೊಕದ್ದಮೆಯಾಗಿ ಬೆಳೆದರೆ ಅದರ ಖರ್ಚು ಸರಕಾರಕ್ಕೇ ಹೆಚ್ಚು. ಎರಡನೆಯದಕ್ಕೆ ಉತ್ತರ ನಮ್ಮ ಗಾದೆಯಲ್ಲಿಯೇ ಇದೆ. ಗೆದ್ದರೂ ಸೋಲೆಂದು ನಂಬಿದ ಜನ ಮೋಜಿಗಾಗಿ ಕೋರ್ಟು ಹತ್ತುವುದಿಲ್ಲ. ಪುಕ್ಕಟೆ ವಕೀಲ ಮನಸ್ಸಿಟ್ಟು ಕೆಲಸ ಮಾಡುವುದಿಲ್ಲ ಎಂಬ ಇನ್ನೊಂದು ಮಾತು ಉಂಟು. ಈ ಅನುಮಾನ ಹೋಗಬೇಕಾದರೆ ಅವರಿಗೆ ಕೊಡುವ ಗೌರವಧನ ಕೆಲಸಕ್ಕೆ ತಕ್ಕಷ್ಟಿದ್ದು ಹೊತ್ತಿಗೆ ಸರಿಯಾಗಿ ಸಿಗಬೇಕು; ಕೆಲಸ ಹೇಗೆ ಆಯಿತೆಂದು ಕಕ್ಷಿದಾರನನ್ನೂ ಕೇಳಬೇಕು.

ನಾಲ್ಕನೆಯ ಸೂಚನೆ ಸರಕಾರಕ್ಕಲ್ಲ, ಈ ಪತ್ರಿಕೆಯನ್ನು ಓದುವ ನನ್ನ ಸಹಪಾಠಿಗಳಿಗೆ. ನಮ್ಮಲ್ಲಿ ಬಹಳ ಮಂದಿ ನಮ್ಮ ನಮ್ಮ ಮನೆಗಳಲ್ಲಿ ಮೊದಲನೆಯ ಪದವೀಧರರಾಗುವವರು. ಊರಿನಲ್ಲಿ ಯಾರಿಗೆ ಕಾಗದ ಬಂದರೂ ಅದು ನಮ್ಮ ಕೈಗೆ ಬರುತ್ತದೆ. ಓದಲು ಬಂದ ಮಾತ್ರಕ್ಕೆ ತಿಳಿಯಿತೆಂದು ಭಾವಿಸಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿರಿ. ತಿಳಿಯದಿದ್ದರೆ ತಿಳಿಯದೆಂದು ಹೇಳಿರಿ, ತಾರೀಖನ್ನು ಬರೆದಿಡಿರಿ, ಅದೇ ವಾರ ಆ ಕಾಗದದೊಡನೆ ತಾಲ್ಲೂಕು ಸಮಿತಿಗೆ ಹೋಗಿರಿ. ನಮ್ಮ ಕಾಲೇಜಿನಲ್ಲಿಯೂ ವಾರಕ್ಕೊಂದು ಮಧ್ಯಾಹ್ನ ಒಂದು ಮೇಜು, ಎರಡು ಕುರ್ಚಿ, ತರಬೇತಿ ಪಡೆದ ನಾಲ್ವರು ವಿದ್ಯಾರ್ಥಿಗಳು ಇದ್ದರೆ ಈ ಕೆಲಸಕ್ಕೆ ಆರಂಭವಾದಂತೆಯೇ ಸರಿ. ಸಲಹೆ ಕೊಡುವುದು ವಕೀಲರ ಕೆಲಸ. ದಾರಿ ತೋರಿಸಿ ಜೊತೆಗೆ ಹೋಗುವುದು ನಮ್ಮಿಂದ ಆಗದೆ?

ನಮ್ಮ ಮನೆಯ ವಿಷಯ ಏನಾಯಿತೆಂದು ಓದುಗರು ಕೇಳಬಹುದು. ತಡವಾದುದಕ್ಕೆ ಕಾರಣ ಬರೆದು ಮನವಿ ಸಲ್ಲಿಸಿದ್ದೇವೆ. ಬಾವಿಯ ಚಿತ್ರವನ್ನೂ ಊರಿನ ಇಬ್ಬರು ಹಿರಿಯರ ಹೇಳಿಕೆಯನ್ನೂ ಅದಕ್ಕೆ ಲಗತ್ತಿಸಿದ್ದೇವೆ. ಈ ಲೇಖನ ಬರೆಯುವವರೆಗೆ ಉತ್ತರ ಬಂದಿಲ್ಲ. ಅಪ್ಪ ಈ ವರ್ಷವೂ ಆ ನೆಲವನ್ನು ಉತ್ತು ಬಿತ್ತಿದ್ದಾನೆ. ಉತ್ತರ ಬಂದಾಗ ಅದನ್ನು ಮತ್ತೆ ನನ್ನ ಕೈಗೇ ಕೊಡುತ್ತಾನೆ. ಈ ಸಲ ನಾನು ಅದನ್ನು ಒಬ್ಬನೇ ಓದುವುದಿಲ್ಲ.